ಅಕ್ಕನ ಮದ್ದು ಸೊಪ್ಪಿನ ಡಬ್ಬ

ಫ್ರೀಜರ್ ಸರಿಯಾಗಿ ತಣ್ಣಗಾಗುತ್ತಿಲ್ಲ ಎಂದು ಭಾವ ಫೋನ್ ಮಾಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಅಕ್ಕ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಿಕ್ಸಿ ಕೆಟ್ಟರೂ ನಾನೇ, ಗ್ಯಾಸ್ ಮುಗಿದರೂ ನಾನೇ. ರಿಪೇರಿಯವನನ್ನು ಕರೆಯಿರಿ ಎಂದೆ. ಅವನು ಸೋಮವಾರ ಬರುತ್ತಾನಂತೆ, ಅಷ್ಟರೊಳಗೆ ಎಲ್ಲ ಕರಗಿಹೋಗುತ್ತದೆ ಎಂದರು. ಎಲ್ಲ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಗೊಣಗಿಕೊಂಡೇ ಮಡಿಕೇರಿಯಲ್ಲಿ ಅವರ ಊರು ಗಾಳಿಬೀಡಿನ ಬಸ್ಸು ಹತ್ತಿದೆ.

ಆ ಫ್ರೀಜರಿನಲ್ಲಿದ್ದದ್ದು ಅಕ್ಕ ಕುದಿಸಿಟ್ಟ ಮದ್ದು ಸೊಪ್ಪಿನ ರಸ. ಜಡಿಮಳೆಯ ಆಟಿ ತಿಂಗಳ ಹದಿನೆಂಟನೇ ದಿನ ಆ ಸೊಪ್ಪಿಗೆ ಹದಿನೆಂಟು ಬಗೆಯ ಮದ್ದು ಸೇರುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಅವತ್ತು ಸೊಪ್ಪು ಕುದಿಸಿ, ಆ ನೇರಳೆ ರಸದಲ್ಲಿ ಪಾಯಸ ಮಾಡಿ ಉಣ್ಣಬೇಕು. ಮರುದಿನ ಮೂತ್ರ ಕೆಂಪಗೆ ಹೋದರೆ ಮದ್ದು ಮೈಗೆ ಹಿಡಿದ ಹಾಗೆ. ಅಕ್ಕ ಮರುದಿನ ಬೆಳಿಗ್ಗೆಯೇ ನೆಂಟರಿಗೆಲ್ಲ ಫೋನ್ ಮಾಡಿ, ನಾಚಿಕೆಯಿಲ್ಲದೆ, “ಕೆಂಪು ಹೋಯ್ತಾ?” ಎಂದು ಕೇಳುತ್ತಿದ್ದಳು. ಇಲ್ಲವೆಂದರೆ, ಕಾಟಾಚಾರಕ್ಕೆ ಉಂಡಿದ್ದೀ ಎಂದು ಬೈಗುಳ. ಆ ದಿನ ಬರಲಾಗದವರಿಗೆಂದು ಒಂದಿಷ್ಟು ರಸವನ್ನು ಫ್ರೀಜರಿನಲ್ಲಿ ಗಟ್ಟಿಮಾಡಿ ಇಡುವುದೂ ಅವಳದೇ ಪದ್ಧತಿ. ಕಳೆದ ಆಟಿಯ ಡಬ್ಬವನ್ನು ಯಾರೂ ಒಯ್ಯುವ ಮೊದಲೇ, ದೀಪಾವಳಿ ಮುಗಿದ ವಾರದಲ್ಲಿ, ಎದೆನೋವೆಂದು ಕೂತವಳು ಮತ್ತೆ ಏಳಲಿಲ್ಲ.

ಭಾವ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಲೈನುಮನೆಗಳ ಕೂಲಿಯವರೆಲ್ಲ ಅವರ ಒಂದು ಮಾತಿಗೆ ಹೆದರುತ್ತಿದ್ದ ಕಾಲವೊಂದಿತ್ತು. ಈಗ ಫ್ರೀಜರಿನ ಪಕ್ಕ ಕೈಕಟ್ಟಿ ನಿಂತಿದ್ದರು. ಪ್ಲಗ್ ಸರಿಯಾಗಿಯೇ ಇತ್ತು. ಮೋಟಾರು ಗುಂಯ್‌ಗುಡುತ್ತಿತ್ತು. ಪೆಟ್ಟಿಗೆಯಂಥ ಆ ಫ್ರೀಜರನ್ನು ಗೋಡೆಗೆ ಅಂಟಿಸಿ ಇಟ್ಟಿದ್ದರು, ಅದನ್ನು ಎಳೆದು ಹಿಂದಿನ ಧೂಳೆಲ್ಲ ಗುಡಿಸಿದೆ. ಕೊನೆಗೆ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಮುಚ್ಚಳದ ಸಂದಿಗೆ ಸಿಕ್ಕಿಸಿ ಎಳೆದು ನೋಡಿದೆ. ಉಳಿದ ಕಡೆ ಬಿಗಿಯಾಗಿ ಹಿಡಿದುಕೊಂಡಿತು. ಬಲಮೂಲೆಯಲ್ಲಿ ಮಾತ್ರ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಅಲ್ಲಿ ರಬ್ಬರು ಕಿತ್ತುಹೋಗಿ ಹೊರಗಿನ ಸೆಕೆಯೆಲ್ಲ ಒಳಗೆ ನುಗ್ಗುತ್ತಿತ್ತು.

ಮುಚ್ಚಳ ತೆಗೆಯಲು ಹಿಡಿಯುವ ಮೂಲೆ ಅದು. ವಾರಕ್ಕೊಮ್ಮೆ ಹಂದಿಮಾಂಸ ತೆಗೆಯುವುದಕ್ಕೆ ಹೀಗೆ ಕಿತ್ತುಬರುತ್ತದೆಯೇ, ಏನು ಮಾಡುತ್ತೀರಿ ಇದನ್ನು ಎಂದು ರೇಗಿದೆ. ಭಾವ ಬೇರೆಲ್ಲೋ ನೋಡುತ್ತ ಹೇಳಿದರು.

“ಬೆಳಿಗ್ಗೆ ಎದ್ದು ಒಂದ್ಸಲ ತೆಗೀತೇನೆ. ಮತ್ತೆ ಕಾಫಿ ಕುಡಿದ ಮೇಲೆ. ಅವಳ ಡಬ್ಬ ಉಂಟಲ್ಲ ಅಂತ ನೋಡ್ಲಿಕ್ಕೆ, ಅಷ್ಟೆ.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಡಬ್ಬ ತೆಗೆದು ನೋಡಿದರೆ ಅಂಚಿನಲ್ಲೆಲ್ಲ ನೇರಳೆ ನೀರು, ನಡುವೆ ಒಂದು ಗಡ್ಡೆ ಉಳಿದಿತ್ತು. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಾರದು ಎನ್ನುವುದು ಅಕ್ಕನದೇ ಕಟ್ಟಳೆ. ಮುಚ್ಚಳದ ಮೂಲೆಗೆ ಟೇಪ್ ಸುತ್ತಿದರೆ ಆಗುತ್ತದೆ, ಪುನಃ ಗಟ್ಟಿಯಾಗುತ್ತದೆ ಎಂದು ಭಾವ ಅಂಗಲಾಚಿದರು. ನನಗೂ ಅದೇ ಆಸೆ. ಅವಳ ಕೈಯಡುಗೆಯೆಂದು ಭೂಮಿಯ ಮೇಲೆ ಉಳಿದದ್ದು ಅದೊಂದೇ.

“ಕೆಟ್ಟ ಮೇಲೆ ಚೆಲ್ಬೇಕಾಗ್ತದೆ ಭಾವ. ಅವಳು ಮಾಡಿದ್ದನ್ನ ಚರಂಡಿಗೆ ಸುರೀಲಿಕ್ಕೆ ನನ್ನಿಂದ ಆಗುದಿಲ್ಲ.”

ಅಕ್ಕಿ ತರಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡಿದೆ. ಕುದಿ ಬರುತ್ತಲೇ ಆಟಿಯ ವಾಸನೆ ಮನೆಯಿಡೀ ತುಂಬಿತು. ಹೊರಗೆ ಮಾರ್ಚಿನ ಬಿಸಿಲು. ಭಾವ ಬೇಡ ಬೇಡ ಎನ್ನುತ್ತಲೇ ಕೂತರು, ಆಮೇಲೆ ಎರಡನೆಯ ಸಲವೂ ಬಡಿಸಿಕೊಂಡರು. ಡಬ್ಬ ತೊಳೆಯಲು ಹೋದರೆ, ಅದು ಅಲ್ಲೇ ಇರಲಿ ಎಂದರು. ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ, ಅಕ್ಕ ಫೋನ್ ಮಾಡುತ್ತಿದ್ದ ಹೊತ್ತಿಗೇ, ಭಾವನ ಫೋನ್ ಬಂತು.

“ಕೆಂಪು ಹೋಯ್ತು,” ಎಂದರು.

ನನಗೂ ಹೋಯಿತು ಎಂದೆ. ಇಬ್ಬರಿಗೂ ನಗು ಬಂತು. ಆಮೇಲೆ ಅವರು ಅಳುತ್ತಿರುವುದು ನನಗೆ ಕೇಳಿಸಿತು.

“ನಾಳೆಗೆ ಈ ಕೆಂಪು ಇರುದಿಲ್ಲ, ಅಲ್ವಾ?”

ಇರುವುದಿಲ್ಲ ಭಾವ, ಒಂದೇ ದಿನ ಎಂದೆ.