ಕತ್ತರಿಸಿದ ನಲವತ್ತು ಸೆಕೆಂಡು

ಬೆಳಗಿನ ಐದೂವರೆ. ಗೋಕುಲ ರಸ್ತೆಯ ಲೇತ್ ಶೆಡ್ಡಿನ ಮೇಲಿನ ಕೋಣೆಯಲ್ಲಿ ತಸ್ಲೀಮಾ ಮೈಕು ಚಾಲೂ ಮಾಡಿ, ಉಸಿರು ಬಿಗಿಹಿಡಿಯುವಂತೆ ತಮ್ಮ ಬಗ್ಗೆ ಬರೆಯಲು ಬಂದ ನನಗೆ ಸನ್ನೆ ಮಾಡುತ್ತಾರೆ. ಎದುರಿನ ಕುರ್ಚಿ ಖಾಲಿ. ಒಂದು ನಿಮಿಷ ಏನೂ ಇಲ್ಲದ್ದೇ ರೆಕಾರ್ಡ್ ಆಗುತ್ತದೆ. ನನಗೆ ನಗು ಬರುತ್ತದೆ, ನುಂಗಿಕೊಳ್ಳುತ್ತೇನೆ.

"ಖಾಲಿ ಕೋಣಿ ಸದ್ದುರಿ ಇದು. ಮಾತು ಕತ್ತರಿಸಿದಲ್ಲೆ ಇದನ್ನ ತೇಪಿ ಹಾಂಗ ಹಚ್ಚಾಕ ಬೇಕು. ಎಂಟಕ್ಕ ಕೆಳಗ ಲೇತ್ ಸುರು ಆದ್ರ ಮುಗೀತು."

ಉಣಕಲ್‌ನಿಂದ ಸ್ಕೂಟಿಯಲ್ಲಿ ಬರುವ ಈ ಮೂವತ್ನಾಲ್ಕರ ಹೆಣ್ಣುಮಗಳು, ಸ್ಟಾರ್ಟಪ್ ಕಟ್ಟಿದ ನೂರಾ ಹದಿನೆಂಟು ಮಂದಿಯನ್ನು ತಮ್ಮ ಪಾಡ್‌ಕಾಸ್ಟಿನಲ್ಲಿ ಮಾತಾಡಿಸಿದ್ದಾರೆ. ಕೇಳುಗರಿಗೆ ಮಾತ್ರ ಅವರ ದನಿಯೇ ಗೊತ್ತಿಲ್ಲ. ತಮ್ಮ ಪ್ರಶ್ನೆ, ಅತಿಥಿಯ ಕೆಮ್ಮು, ತಡವರಿಕೆ, ಮೌನ ಎಲ್ಲ ಕತ್ತರಿಸಿ ಉತ್ತರಗಳನ್ನಷ್ಟೇ ಜೋಡಿಸುತ್ತಿದ್ದರು. ಒಂದು ಗಂಟೆಯ ಮಾತಿಗೆ ಒಂಬತ್ತು ಗಂಟೆಯ ಕೆಲಸ. ಹೆಸರು ಮಾತಾಡಿದವರಿಗೆ. ಇದು ಅನ್ಯಾಯವೆಂದು ನನಗನಿಸುತ್ತದೆ, ಅವರಿಗಿಲ್ಲ.

ಹೋದ ವರ್ಷ ಅದೇ ಕುರ್ಚಿಯಲ್ಲಿ, ರೊಟ್ಟಿ ಮಾಡುವ ಯಂತ್ರ ತಯಾರಿಸುತ್ತಿದ್ದ ಶಿವಯೋಗೀಶ ಕೂತಿದ್ದರು. "ದಣಿವಾಗೇತೇನ್ರಿ?" ಎಂದು ತಸ್ಲೀಮಾ ಕೇಳಿದಾಗ ಅವರು ಬೆರಳಿನಿಂದ ಮೇಜು ತಟ್ಟುತ್ತ ನಲವತ್ತು ಸೆಕೆಂಡು ಸುಮ್ಮನಿದ್ದರು.

"ನನಗ ತಡಕೊಳ್ಳಾಕ ಆಗ್ಲಿಲ್ರಿ. ಮುಂದಿನ ಪ್ರಶ್ನೆ ಕೇಳಿಬಿಟ್ನಿ. ಆಮ್ಯಾಲ ಆ ಮೌನಾನೂ ಅಳಿಸಿದ್ನಿ."

ಅದಾಗಿ ಮೂರನೇ ವಾರಕ್ಕೆ ಶಿವಯೋಗೀಶ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಂಡತಿ ವಾಣಿಶ್ರೀ ಇಲ್ಲಿಗೇ ಬಂದು ಆ ಸಂಚಿಕೆ ಕೇಳಿದರು. ಅರ್ಧಕ್ಕೇ ಹೆಡ್‌ಫೋನ್ ತೆಗೆದರು.

"ಇವ್ರು ಯಾರ್ರಿ ಅಕ್ಕಾ? ನಮ್ಮನಿಯವ್ರು ಹಿಂಗ ಒಂದ ಉಸುರಿನ್ಯಾಗ ಎಂದೂ ಮಾತಾಡಿಲ್ಲ. ನಡನಡುವ ನಿಂದರತಿದ್ರು. ಆ ನಿಂತದ್ದು ಕೊಡ್ರಿ ನನಗ."

ಅಳಿಸಿದ ಮೇಲೆ ಕೊಡಲು ಏನೂ ಉಳಿದಿರಲಿಲ್ಲ.

ಮರುದಿನದಿಂದ ಖಾಲಿ ಕೋಣೆಯ ರೆಕಾರ್ಡಿನಲ್ಲಿ ಮೇಜು ತಟ್ಟುವ ಸದ್ದು ಬರತೊಡಗಿತಂತೆ. ಮೈಕು ಬದಲಿಸಿದರು, ಮೇಜೂ ಬದಲಿಸಿದರು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಅವರು ನಕ್ಕು, ಈಗಷ್ಟೇ ಹಿಡಿದ ನಿಮಿಷವನ್ನು ನನ್ನ ಕಿವಿಗೆ ಹಚ್ಚುತ್ತಾರೆ. ಮೊದಲು ಬರೀ ಗುಂಯ್. ಆಮೇಲೆ ಟಕ್, ಟಕ್. ಆಮೇಲೆ ಯಾರೋ ಉದ್ದಕ್ಕೆ ಉಸಿರು ಬಿಡುತ್ತಾರೆ. ಅದು ನನ್ನದಲ್ಲ, ನಾನು ಬಿಗಿಹಿಡಿದಿದ್ದೆ. ಸುಳ್ಳು ಯಾಕೆ, ಹೆಡ್‌ಫೋನ್ ತೆಗೆದು ಆ ಕುರ್ಚಿಯಿಂದ ದೂರ ಸರಿಯುತ್ತೇನೆ.

"ವಾಣಿಶ್ರೀಯವ್ರಿಗೆ ಕೇಳಸಿದ್ನಿ. ಕಣ್ಣು ಮುಚ್ಚಿ, 'ಹಾಂ, ಇವ್ರ ನಮ್ಮನಿಯವ್ರು' ಅಂದ್ರು. ಪ್ರತಿ ಮಂಗಳವಾರ ಬಂದು ಕೇಳಿ ಹೋಗ್ತಾರ."

ತಸ್ಲೀಮಾ ಈಗ ಯಾರ ಮೌನವನ್ನೂ ಕತ್ತರಿಸುವುದಿಲ್ಲ. ಬೇಸರವೆಂದು ಅರ್ಧ ಕೇಳುಗರು ಬಿಟ್ಟುಹೋಗಿದ್ದಾರೆ. "ಹೋಗ್ಲಿ ಬಿಡ್ರಿ. ಐದು ವರ್ಷ ಪಾಡ್‌ಕಾಸ್ಟ್ ಮಾಡಿ ಕಲತದ್ದು ಅದೊಂದ."

ಏಳೂಮುಕ್ಕಾಲು. ಅವರು ಮತ್ತೆ ಮೈಕು ಚಾಲೂ ಮಾಡಿ, ಖಾಲಿ ಕುರ್ಚಿಯತ್ತ ಬಾಗಿ ಮೆಲ್ಲಗೆ ಕೇಳುತ್ತಾರೆ: "ದಣಿವಾಗೇತೇನ್ರಿ?"

ನಾನು ಎದ್ದು ಚಪ್ಪಲಿ ಹುಡುಕುತ್ತೇನೆ. ತಸ್ಲೀಮಾ ಕುರ್ಚಿಯಿಂದ ಕಣ್ಣು ತೆಗೆಯುವುದಿಲ್ಲ.

"ನೀವು ಹೋಗ್ರಿ ಸರ್. ಈ ಸಲ ಅವ್ರು ಹೇಳೂತನಕ ಕಾಯ್ತೇನಿ. ನಡುವ ಬಾಯಿ ಹಾಕೂದಿಲ್ಲ."