ಅಂಜೂರದ ಗಿಡ ಹೊದ್ದ ಕೌದಿ

ಆಗೆಲ್ಲ ಅಮೆರಿಕದ ಮೆಟುಚೆನ್‌ನ ನಮ್ಮ ಮನೆಯಲ್ಲಿ ಚಳಿಗಾಲ ಬರುವ ಮುನ್ನ ಹಬ್ಬದ ಹಿಂದಿನ ದಿನದ ಗಡಿಬಿಡಿ. ಇವತ್ತು ರಾತ್ರಿ ಮೊದಲ ಫ್ರೀಜ್, ನೀರು ಹೆಪ್ಪುಗಟ್ಟುವಷ್ಟು ಚಳಿ ಎಂದು ಟಿ.ವಿ.ಯಲ್ಲಿ ಹೇಳಿದ ದಿನ ಅಪ್ಪ ಹೊರಗಿನ ನಲ್ಲಿಯ ನೀರು ಬಂದ್ ಮಾಡಿ, ಹೋಸ್ ಪೈಪ್ ಸುತ್ತಿ ಗರಾಜಿನಲ್ಲಿ ಇಡುತ್ತಿದ್ದ. ನಾನು ಎಲೆ ಗುಡಿಸುತ್ತಿದ್ದೆ. ಊಟಕ್ಕೆ ಕೂತರೂ ಕೈಯಿಂದ ಒದ್ದೆ ಎಲೆಯ ವಾಸನೆ ಹೋಗುತ್ತಿರಲಿಲ್ಲ. ಅವ್ವ ಟ್ರಂಕಿನಿಂದ ಕೌದಿ ತೆಗೆದು ಹಿತ್ತಲಿನ ಮರದ ಡೆಕ್ಕಿನ ಕಟಕಟೆಯ ಮೇಲೆ ಬಿಸಿಲಿಗೆ ಹಾಕುತ್ತಿದ್ದಳು. ಧಾರವಾಡದ ಅಜ್ಜಿ ತನ್ನ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಅಜ್ಜಿ ತೀರಿಕೊಂಡ ಮೇಲೆ ಅವ್ವನಿಗೆ ಉಳಿದದ್ದು ಅದೊಂದೇ.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಆ ಕೌದಿ ಮಧ್ಯಾಹ್ನದೊಳಗೆ ಮಾಯವಾಯಿತು.

“ಗಾಳಿಗೆ ಹಾರಿರಬೇಕು ತಗೋ,” ಎಂದ ಅಪ್ಪ, ತಲೆ ಎತ್ತದೆ.

“ಹಾರಾಕ ಅದೇನು ಕರ್ಚೀಫೇನ್ರೀ? ಯಾರೋ ಒಯ್ದಾರ!”

ಅಲ್ಲಿಗೆ ಅವ್ವನ ತನಿಖೆ ಶುರುವಾಯಿತು. ಅಂಚೆಯವನ ಮೇಲೆ ಅನುಮಾನ, ಹುಲ್ಲು ಕತ್ತರಿಸಲು ಬಂದವರ ಮೇಲೆ ಅನುಮಾನ, ಅಳಿಲನ್ನೂ ಬಿಡಲಿಲ್ಲ. ಕೊನೆಗೆ ಅವಳ ಕಣ್ಣು ಪಕ್ಕದ ಮನೆಯ ಫ್ರಾಂಕ್ ಅಂಕಲ್ ಮೇಲೆ ಬಿತ್ತು. ಅವರು ಪ್ರತಿ ವರ್ಷ ಫ್ರೀಜಿಗೆ ಮೊದಲು ತಮ್ಮ ಅಂಜೂರದ ಗಿಡಕ್ಕೆ ಹಳೆಯ ಬಟ್ಟೆ, ಮೇಲೆ ತಾಡಪಾಲು ಸುತ್ತಿ, ಹಗ್ಗ ಬಿಗಿದು, ತಲೆಗೊಂದು ಬಕೆಟ್ ಬೋರಲು ಹಾಕುತ್ತಿದ್ದರು.

“ಈ ಸಲ ಆ ಗಿಡಕ್ಕ ಹೊಟ್ಟಿ ಬಂದೈತಿ ನೋಡು,” ಅವ್ವ ಪಿಸುಗುಟ್ಟಿದಳು. “ಹೋಗು, ಬಾಲ್ ಹುಡುಕಿದಂಗ ಮಾಡಿ ನೋಡಿ ಬಾ.”

ಬಗ್ಗಿ ಬಾಲ್ ಹುಡುಕುತ್ತ ಗಿಡದ ಬುಡಕ್ಕೆ ಹೋದೆ. ತಾಡಪಾಲಿನ ಅಂಚು ಎತ್ತಿದೆ. ಕೆಂಪು ಸೆರಗು, ನುಸಿಗುಳಿಗೆಯ ವಾಸನೆ.

“ಅವ್ವಾ, ಇಟ್ಸ್ ಅವರ್ಸ್! ನಮ್ದೇ!”

ಅವ್ವ ಮನೆಯ ಚಪ್ಪಲಿಯಲ್ಲೇ ಧಾವಿಸಿ ಬಂದಳು. ಗದ್ದಲ ಕೇಳಿ ಹೊರಗೆ ಬಂದ ಫ್ರಾಂಕ್ ಅಂಕಲ್ ನಗುತ್ತಲೇ ಇದ್ದರು. ಹಳೆಯ ಬಟ್ಟೆ ಇದೆಯಾ ಎಂದು ಕೇಳಿದ್ದಕ್ಕೆ ನಿಮ್ಮ ಯಜಮಾನರೇ ತಂದುಕೊಟ್ಟರು ಎಂದರು. ಅವ್ವ ನಮ್ಮ ಗರಾಜಿನ ಕಡೆ ತಿರುಗಿ ನೋಡಿದಳು. ಅಪ್ಪ ಸುತ್ತಿಟ್ಟಿದ್ದ ಹೋಸ್ ಪೈಪನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

“ಹಳೇ ಅರಬಿ ಅನ್ಕೊಂಡು ಕೊಟ್ಟೆ... ಆಮ್ಯಾಲ ಹೇಳಾಕ ಧೈರ್ಯ ಆಗಲಿಲ್ಲ.”

“ನಮ್ಮವ್ವನ ಸೀರಿ ಅವು!” ಅವ್ವನ ಕಣ್ಣು ತುಂಬಿತು. ಅಪ್ಪನ ಮೇಲೆ ನನಗೆ ಅಂಥ ಸಿಟ್ಟು ಮೊದಲೆಂದೂ ಬಂದಿರಲಿಲ್ಲ.

ಫ್ರಾಂಕ್ ಅಂಕಲ್ ಮುಖ ಸಪ್ಪಗಾಗಿ ಹಗ್ಗ ಬಿಚ್ಚತೊಡಗಿದರು. ಗಾಳಿ ಆಗಲೇ ಕಿವಿ ಕೊರೆಯುತ್ತಿತ್ತು. ಆ ಗಿಡದ ಹಣ್ಣನ್ನು ಬೇಸಿಗೆಯಲ್ಲಿ ನಾವೂ ಬಟ್ಟಲು ತುಂಬ ತಿಂದಿದ್ದೆವು. ಅವ್ವ ಸ್ವಲ್ಪ ಹೊತ್ತು ಗಿಡವನ್ನೇ ನೋಡಿದಳು.

“ಬಿಡ್ರಿ, ಬಿಚ್ಚಬ್ಯಾಡ್ರಿ,” ಎಂದು ಅವರಿಗೆ ಕನ್ನಡದಲ್ಲೇ ಹೇಳಿ, ಗಂಟನ್ನು ತಾನೇ ಬಿಗಿ ಮಾಡಿದಳು.

ವಸಂತದಲ್ಲಿ ಫ್ರಾಂಕ್ ಅಂಕಲ್ ಕೌದಿ ಒಗೆದು ಮಡಚಿ ಮನೆಗೆ ತಂದುಕೊಟ್ಟರು. ಹಗ್ಗದ ಕಲೆ ಮಾತ್ರ ಹೋಗಲಿಲ್ಲ.

ಫ್ರಾಂಕ್ ಅಂಕಲ್ ಈಗಿಲ್ಲ. ಗಿಡವಿದ್ದ ಜಾಗದಲ್ಲಿ ಕಾಂಕ್ರೀಟು. ಅವ್ವ ಸಮರ್‌ಸೆಟ್‌ನಲ್ಲಿ ನನ್ನ ಜೊತೆಗಿದ್ದಾಳೆ. ಫ್ರೀಜ್ ಎಂದು ಕೇಳಿದ ಕೂಡಲೇ ಕೌದಿಯನ್ನು ಬಿಸಿಲಿಗೆ ಹಾಕಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕಾಯುತ್ತಾಳೆ. ಸಂಜೆ ಅದನ್ನು ಅಕ್ಕಿ ಚೀಲದ ಹಿಂದೆ ಬಚ್ಚಿಡುತ್ತಾಳೆ. ಕೇಳದೆ ಎತ್ತಿ ಕೊಟ್ಟುಬಿಡಲು ಅಪ್ಪ ಈಗ ಇಲ್ಲ. ಆದರೂ ಬಚ್ಚಿಡುತ್ತಾಳೆ.