ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ

ಹೋದ ವಾರ ಬೀದಿನಾಯಿಯೊಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಕ್ಲಿನಿಕ್ಕಿಗೆ ಓಡಿದವನೇ ನರ್ಸಮ್ಮನ ಮುಂದೆ ಶರ್ಟು ಎತ್ತಿ ಹೊಟ್ಟೆ ತೋರಿಸಿದೆ. ಆಕೆ ನಕ್ಕುಬಿಟ್ಟರು. ‘ತೋಳು ಕೊಡಿ ಸರ್. ಹೊಟ್ಟೆಗೆ ಚುಚ್ಚೋ ಕಾಲ ಎಲ್ಲೋ ಹೋಯ್ತು.’

ನನ್ನ ಪಾಲಿಗೆ ಅದು ಕಿರಂಗೂರಿನ ಚಿಕ್ಕಪ್ಪನ ಕಾಲ.

ತೊಂಬತ್ತರ ದಶಕದ ಶುರು. ನಾನು ಹೊಸದಾಗಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಗದ್ದೆ ಬದುವಿನ ಮೇಲೆ ಚಿಕ್ಕಪ್ಪನಿಗೆ ನಾಯಿ ಕಚ್ಚಿತು. ‘ಸುಣ್ಣ ಅಚ್ಕೊತೀನಿ ಬುಡ್ಲಾ’ ಎಂದವರನ್ನು ಗದರಿಸಿ, ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದವನು ನಾನೇ. ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ದಿನಾ ಅವರದು ಒಂದೇ ತಮಾಷೆ: ‘ಇವತ್ತು ಯಾವ ಮೂಲೆ ಖಾಲಿ ಐತೆ ನೋಡ್ಲಾ.’ ವಾಪಸು ಬರುವಾಗ ಇಬ್ಬರಿಗೂ ಕಬ್ಬಿನ ಹಾಲು. ಎಷ್ಟು ಚೆನ್ನಾಗಿದ್ದವು ಆ ಬೆಳಗುಗಳು.

ಹನ್ನೊಂದನೇ ದಿನ ಚಿಕ್ಕಪ್ಪನಿಗೆ ಮೊಪೆಡ್ ಹತ್ತಲಾಗಲಿಲ್ಲ. ಎರಡೂ ಕಾಲು ಸೋತುಹೋಗಿದ್ದವು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಸೂಜಿ ನಿಲ್ಲಿಸಿ ಬೇರೆ ಔಷಧಿ ಕೊಟ್ಟರು. ಡಾಕ್ಟರು ಹೇಳಿದರು: ಇದು ರೇಬೀಸ್ ಅಲ್ಲ, ಲಸಿಕೆಯದೇ ಅಡ್ಡಪರಿಣಾಮ. (ಆಗಿನ ಲಸಿಕೆ ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು. ಅಪರೂಪಕ್ಕೆ ಯಾರದೋ ಮೈ ಅದರ ಮೇಲೆ ತಿರುಗಿಬಿದ್ದು ತನ್ನ ನರಗಳನ್ನೂ ಬಡಿಯುತ್ತಿತ್ತು.) ಹಾಗಂತ ಸೂಜಿ ಹಾಕಿಸಿದ್ದು ತಪ್ಪೇ? ರೇಬೀಸ್ ಬಂದಿದ್ದರೆ ಉಳಿಯುವ ಮಾತೇ ಇರಲಿಲ್ಲ.

ಡಾಕ್ಟರ ಮಾತನ್ನು ಊರಿಗೆಲ್ಲ ಬಿಡಿಸಿ ಹೇಳಿದೆ. ಊರು ನಂಬಬೇಕಲ್ಲ. ‘ನಾಯಿ ನಂಜೇ ಮೇಷ್ಟ್ರೇ, ಕಾಲಿಂದ ಮ್ಯಾಕ್ಕೆ ಏರ್ತಾ ಐತೆ’ ಎಂದರು. ಮನೆಗೆ ಮರಳಿ ಜಗಲಿಯ ಮೇಲೆ ಮಲಗಿದ್ದ ಚಿಕ್ಕಪ್ಪನತ್ತ ಕೋಲಿನಿಂದ ನೀರಿನ ಚೊಂಬು ಸರಿಸಿ, ನಂಜೇರಿದವರಂತೆ ನೀರಿಗೆ ಹೆದರುತ್ತಾರಾ ಎಂದು ನೋಡುವರು. ಅವರು ಕುಡಿಯುವರು. ಮಾರನೇ ದಿನ ಮತ್ತೆ ಚೊಂಬು. ಆ ತಮಾಷೆಯ ಮನುಷ್ಯ ಒಂದು ದಿನ ಅತ್ತೇಬಿಟ್ಟರು. ‘ಇನ್ನೂ ಎಷ್ಟು ಕುಡುದ್ರೆ ನಂಬ್ತೀರ್ಲಾ?’

ಒಳಗಿನಿಂದ ಚಿಕ್ಕಮ್ಮ ಬಂದರು. ಗಂಡ ಕುಡಿದು ಬಿಟ್ಟ ಚೊಂಬನ್ನೇ ತೆಗೆದುಕೊಂಡು ಎಲ್ಲರೆದುರು ಕಚ್ಚಿ ಕುಡಿದರು. ‘ನಾಳೆಯಿಂದ ಯಾರೂ ಬರ್ಬ್ಯಾಡಿ’ ಎಂದರು. ಯಾರೂ ಬರಲಿಲ್ಲ.

ಮೂರು ತಿಂಗಳಿಗೆ ಚಿಕ್ಕಪ್ಪ ಕೋಲೂರಿಕೊಂಡು ಗದ್ದೆ ಕಡೆ ನಡೆದರು. ಈಗ ಇಬ್ಬರೂ ಇಲ್ಲ. ಇಬ್ಬರೂ ಬಹಳ ನೆನಪಾಗುತ್ತಾರೆ.

ಚಿಕ್ಕಮ್ಮನನ್ನು ಒಮ್ಮೆ ಕೇಳಿದ್ದೆ, ಅವತ್ತು ಹೆದರಿಕೆ ಆಗಲಿಲ್ವಾ ಅಂತ.

‘ಯಾಕಪ್ಪ ಎದುರ್ಕೊಳ್ಳಿ? ನಂಜಲ್ಲ ಅಂತ ನೀನೇ ಯೋಳಿದ್ಯಲ್ಲ.’

ಹೇಳಿದ್ದೆ, ನಿಜ. ಜಗಲಿಯಿಂದ ನಾಲ್ಕು ಮಾರು ದೂರ ನಿಂತು.